ಸರ್ವೈವಲ್ ಗುರುಗಳ ಚಾಕು, ಬಳ್ಳಾರಿ ಜಾಲಿ ಮತ್ತು ಕಮ್ಮಾರರ ಪ್ರಶ್ನೆ

ಟಿವಿಯಲ್ಲಿ ಕಾಡಿನ ಸಾಹಸ ತೋರಿಸುವ ಬೇರ್ ಗ್ರಿಲ್ಸ್ ಹೆಸರಿನ ಚಾಕು ಕೊಂಡರೆ ಅದರ ಒರೆಯಲ್ಲೇ ಬೆಂಕಿ ಹೊತ್ತಿಸುವ ಕಡ್ಡಿ ಇರುತ್ತದೆ. ಹಿಡಿಗೆ ಕಟ್ಟಿದ ದಾರದಲ್ಲಿ ಒಂದು ಸೀಟಿ ಇರುತ್ತದೆ. ರೇ ಮಿಯರ್ಸ್ ಹೆಸರಿನ ಚಾಕುವಿನಲ್ಲಿ ಇವ್ಯಾವೂ ಇಲ್ಲ. ಮರದ ಹಿಡಿ, ಸರಳ ಅಲಗು, ಅಷ್ಟೇ. ಟಾಮ್ ಬ್ರೌನ್ ಅವರದ್ದು ನೋಡಿದರೆ ಮಚ್ಚು, ಗರಗಸ, ಚಾಕು ಮೂರೂ ಒಂದೇ ಅಲಗಿನಲ್ಲಿವೆ. ಬರಿಗಾಲಲ್ಲೇ ಕಾಡು ಮರುಭೂಮಿ ಸುತ್ತುವ ಕೋಡಿ ಲುಂಡಿನ್ ಕೊರಳಲ್ಲಿ ನೇತಾಡುತ್ತಿದ್ದದ್ದು ಸ್ವೀಡನ್ನಿನ ಅಗ್ಗದ ಮೋರಾ ಚಾಕು.

ನಾಲ್ವರೂ ಕಾಡಿನಲ್ಲಿ ಜೀವ ಉಳಿಸಿಕೊಳ್ಳುವುದನ್ನೇ, ಅಂದರೆ ಸರ್ವೈವಲ್ ವಿದ್ಯೆಯನ್ನೇ, ಕಲಿಸಿದವರು. ಕೆಲಸ ಒಂದೇ ಅಂದಮೇಲೆ ಚಾಕು ಯಾಕೆ ಇಷ್ಟು ಬೇರೆ ಬೇರೆ?

ಈ ಪ್ರಶ್ನೆ ಈಗ ನಮ್ಮ ಕಡೆಗೂ ಬಂದಿದೆ. ಮಳೆಗಾಲ ಶುರುವಾದರೆ ಸಂಡೂರಿನ ಗುಡ್ಡಗಳಿಗೆ ಚಾರಣ ಹೋಗುವ ಹುಡುಗರು ಜಾಸ್ತಿ. ಚಳಿಗಾಲದಲ್ಲಿ ಆನೆಗೊಂದಿ ಸುತ್ತ ಬಂಡೆ ಹತ್ತುವವರು ಬರುತ್ತಾರೆ. 2020ರ ಜನವರಿಯಲ್ಲಿ ಗ್ರಿಲ್ಸ್ ನಮ್ಮ ಬಂಡೀಪುರಕ್ಕೇ ಬಂದು ರಜನೀಕಾಂತ್ ಜೊತೆ ಶೂಟಿಂಗ್ ಮಾಡಿ ಹೋದರು. ಹಾಗಾಗಿ "ಅಣ್ಣಾ, ಗ್ರಿಲ್ಸ್ ಚಾಕು ತರಿಸ್ಲಾ?" ಅಂತ ಕೇಳುವವರು ಬಳ್ಳಾರಿಯಲ್ಲೂ ಸಿಗುತ್ತಾರೆ, ಸಿಂಧನೂರಿನಲ್ಲೂ ಸಿಗುತ್ತಾರೆ.

ತರಿಸಬೇಕೋ ಬೇಡವೋ ಅನ್ನುವುದು ಆಮೇಲಿನ ಮಾತು. ಪರಿಣತರ ಹೆಸರು ಹೊತ್ತ ಪ್ರತಿ ಚಾಕುವೂ ಯಾವುದೋ ಒಂದು ಕಾಡನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಆ ಕಾಡಿನ ಮರ ಮೆತ್ತಗಿತ್ತಾ, ಗಟ್ಟಿಯಿತ್ತಾ? ಜೊತೆಯಲ್ಲಿ ಕೊಡಲಿ ಇತ್ತಾ? ಸುತ್ತ ಕ್ಯಾಮೆರಾ ಓಡುತ್ತಿತ್ತಾ? ಇಷ್ಟು ಗೊತ್ತಾದರೆ ಚಾಕುವಿನ ಆಕಾರ ಯಾಕೆ ಹಾಗಿದೆ ಅನ್ನುವುದು ತಾನಾಗಿಯೇ ತಿಳಿಯುತ್ತದೆ.

ಟಿವಿಗಿಂತ ಹಳೆಯ ರೂಢಿ

ಚಾಕುವಿಗೆ ಒಬ್ಬ ಕಾಡುಬಲ್ಲವನ ಹೆಸರು ಅಂಟುವುದು ಟಿವಿ ಕಾಲದಲ್ಲಿ ಶುರುವಾದದ್ದಲ್ಲ. ಅಮೆರಿಕದ ಜಾರ್ಜ್ ವಾಷಿಂಗ್ಟನ್ ಸಿಯರ್ಸ್ ಎಂಬಾತ ನೆಸ್‌ಮಕ್ ಅನ್ನುವ ಹೆಸರಿನಲ್ಲಿ ಬರೆಯುತ್ತಿದ್ದ. ಕಾಡಿನಲ್ಲಿ ಬಿಡಾರ ಹೂಡುವ ಬಗ್ಗೆ 1884ರಲ್ಲಿ ಅವನ ಪುಸ್ತಕ ಬಂತು. ಅವನ ಹತ್ತಿರ ಇದ್ದದ್ದು ಮೂರು ಸಾಮಾನು: ಎರಡು ಬಾಯಿಯ ಪುಟ್ಟ ಕೊಡಲಿ, ಒರೆಯಲ್ಲಿಡುವ ತೆಳು ಚಾಕು, ಜೇಬಿನಲ್ಲಿಡುವ ಮಡಚು ಚಾಕು. ಕಡಿಯುವ ಕೆಲಸವನ್ನೆಲ್ಲ ಕೊಡಲಿ ಮಾಡುತ್ತಿತ್ತು. ಅದಕ್ಕೇ ಚಾಕು ತೆಳ್ಳಗಿದ್ದರೂ ಅವನಿಗೆ ನಡೆಯುತ್ತಿತ್ತು.

ಆಮೇಲೆ ಬಂದವನು ಹೊರೇಸ್ ಕೆಫಾರ್ಟ್. ಲೈಬ್ರರಿ ಕೆಲಸ ಬಿಟ್ಟು ಅಮೆರಿಕದ ಸ್ಮೋಕಿ ಬೆಟ್ಟಗಳಿಗೆ ಹೋಗಿ ನೆಲೆಸಿದವನು. ಆ ಕಾಲದ ಅಂಗಡಿಗಳಲ್ಲಿ ಮಾರುತ್ತಿದ್ದ ದಪ್ಪನೆಯ, ಶೋಕಿಯ ಬೇಟೆ ಚಾಕುಗಳನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ದಿನಾ ಮಾಡುವ ಕೆಲಸ ಮಾಂಸ ಕೊಯ್ಯುವುದು, ಕಡ್ಡಿ ಚೂಪು ಮಾಡುವುದು, ಅಡುಗೆ. ಅದಕ್ಕೆ ತೆಳುವಾದ, ಸಾದಾ ಅಲಗು ಸಾಕು ಅಂದ. ನೆಸ್‌ಮಕ್ ಮಾದರಿ, ಕೆಫಾರ್ಟ್ ಮಾದರಿ ಅಂತ ಇವತ್ತಿಗೂ ಚಾಕು ತಯಾರಾಗುತ್ತವೆ. ಸತ್ತು ಎಷ್ಟೋ ದಶಕವಾದವರ ಹೆಸರು ಅಂಗಡಿಯಲ್ಲಿ ಓಡುತ್ತಿದೆ ಅಂದರೆ ಅವರು ಹೇಳಿದ್ದರಲ್ಲಿ ಹುರುಳಿತ್ತು ಅಂತಲೇ ಅಲ್ವಾ?

ಟಿವಿ ಬಂದ ಮೇಲೆ ಆದದ್ದಿಷ್ಟು. ಮೊದಲು ಪರಿಣತ ಬಳಸಿದ ಚಾಕುವಿಗೆ ಜನರೇ ಅವನ ಹೆಸರಿಡುತ್ತಿದ್ದರು. ಈಗ ಕಂಪನಿ ಮೊದಲೇ ಹೆಸರು ಕೊಂಡು ಚಾಕು ಮಾಡುತ್ತದೆ. ಪರಿಣತ ಬಳಸುವ ಚಾಕುವಿಗೂ ಅವನ ಹೆಸರಿನಲ್ಲಿ ಮಾರುವ ಚಾಕುವಿಗೂ ಎಷ್ಟು ಅಂತರವಿದೆ ಅನ್ನುವುದು ಒಬ್ಬೊಬ್ಬರಲ್ಲಿ ಒಂದೊಂದು ಥರ.

ರೇ ಮಿಯರ್ಸ್ ಮತ್ತು ಮೆತ್ತನೆ ಮರದ ಕಾಡು

ರೇ ಮಿಯರ್ಸ್ ಇಂಗ್ಲೆಂಡಿನವರು. 1983ರಲ್ಲಿ ವುಡ್‌ಲೋರ್ ಅನ್ನುವ ಕಾಡುವಿದ್ಯೆಯ ಶಾಲೆ ಶುರು ಮಾಡಿದರು. ಅವರ ಚಾಕುವಿನ ಹೆಸರೂ ಅದೇ. ಅಲನ್ ವುಡ್ ಎಂಬ ಚಾಕು ತಯಾರಕರಿಂದ ಅದನ್ನು ಮಾಡಿಸಿದರು. ಅಲಗಿನ ಉದ್ದ ಸುಮಾರು ನಾಲ್ಕೂಕಾಲು ಇಂಚು, ದಪ್ಪ 4 ಮಿ.ಮೀ. ಉಕ್ಕು ಓ1 ಅನ್ನುವ ಟೂಲ್ ಸ್ಟೀಲ್, ಅಂದರೆ ಹತ್ಯಾರು ಮಾಡುವ ಗಟ್ಟಿ ಉಕ್ಕು. ಕೈಯಲ್ಲಿ ಒಂದೊಂದಾಗಿ ಮಾಡುವ ಚಾಕು ಆದ್ದರಿಂದ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಕಾಯಲಾರದವರಿಗಾಗಿ ಅದೇ ಆಕಾರದ ಚಾಕುಗಳನ್ನು ಬೇರೆ ಎಷ್ಟೋ ಜನ ಮಾಡಿ ಮಾರಿದರು.

ಈ ಚಾಕುವಿನ ಗುಟ್ಟು ಅದರ ಬಾಯಿಯಲ್ಲಿದೆ. ಬಡಗಿಯ ಉಳಿ ನೋಡಿದ್ದೀರಲ್ಲ, ಒಂದೇ ಒಂದು ಅಗಲವಾದ ಇಳಿಜಾರು ನೇರವಾಗಿ ಬಾಯಿಗೆ ಬಂದು ಸೇರುತ್ತದೆ. ಅಂಥ ಇಳಿಜಾರನ್ನು ಅಲಗಿನ ಎರಡೂ ಬದಿಗೆ ಕೊಟ್ಟರೆ ಅದು ಸ್ಕ್ಯಾಂಡಿ ಬಾಯಿ. ಉತ್ತರ ಯುರೋಪಿನ ಸ್ಕ್ಯಾಂಡಿನೇವಿಯಾ ಕಡೆಯ ಹಳೇ ರೂಢಿ. ಮರ ಕೆತ್ತುವಾಗ ಈ ಬಾಯಿ ಹೇಳಿದಂತೆ ಕೇಳುತ್ತದೆ. ಸಾಣೆ ಹಿಡಿಯುವುದೂ ಸುಲಭ. ಇಳಿಜಾರನ್ನು ಕಲ್ಲಿನ ಮೇಲೆ ಚಪ್ಪಟೆಯಾಗಿ ಮಲಗಿಸಿ ಉಜ್ಜಿದರೆ ಮುಗಿಯಿತು. ಕೋನ ಎಷ್ಟಿರಬೇಕು ಅಂತ ತಲೆ ಕೆಡಿಸಿಕೊಳ್ಳುವ ಹಾಗಿಲ್ಲ.

ಇಂಗ್ಲೆಂಡ್, ಸ್ವೀಡನ್, ಕೆನಡಾದ ಕಾಡಿಗೆ ಇದು ಹೇಳಿ ಮಾಡಿಸಿದ್ದು. ಅಲ್ಲಿ ಬರ್ಚ್, ಪೈನ್, ವಿಲೋ ಥರದ ಮರ. ಮಳೆ ಹಿಮಕ್ಕೆ ಹೊರಗೆ ಒದ್ದೆ, ಒಳಗೆ ಒಣ. ಬೆಂಕಿ ಹೊತ್ತಿಸಬೇಕು ಅಂದರೆ ಕಟ್ಟಿಗೆ ಸೀಳಿ, ಒಳಗಿನ ಒಣ ಭಾಗವನ್ನು ತೆಳ್ಳಗೆ ಸುರುಳಿ ಸುರುಳಿಯಾಗಿ ಹೆರೆಯಬೇಕು. ಚಳಿ ಕೊಲ್ಲುವ ಊರಲ್ಲಿ ಆ ಸುರುಳಿ ಎಬ್ಬಿಸುವ ಬಾಯಿಯೇ ಜೀವ. ಹಾಗಾಗಿ ಮಿಯರ್ಸ್ ಚಾಕು ಒಬ್ಬ ಕೆತ್ತನೆಗಾರನ ಚಾಕು. ಅವರೇ ಬೋರ್ನಿಯೋ ಥರದ ಮಳೆಕಾಡಿಗೆ ಹೋದಾಗ ಕೈಯಲ್ಲಿ ಹಿಡಿಯುವುದು ಅಲ್ಲಿನವರ ಪರಾಂಗ್ ಅನ್ನುವ ಉದ್ದನೆಯ ಮಚ್ಚು. ಇದನ್ನು ಅವರ ಅಭಿಮಾನಿಗಳು ಎಷ್ಟೋ ಸಲ ಮರೆಯುತ್ತಾರೆ.

ಗ್ರಿಲ್ಸ್, ಸ್ಟ್ರೌಡ್, ಬ್ರೌನ್

ಗ್ರಿಲ್ಸ್ ಕಾರ್ಯಕ್ರಮದ ಲೆಕ್ಕವೇ ಬೇರೆ. ಹೆಲಿಕಾಪ್ಟರಿನಿಂದ ಇಳಿಯುತ್ತಾರೆ, ಓಡುತ್ತಾರೆ, ಹಗ್ಗ ಹಿಡಿದು ಇಳಿಯುತ್ತಾರೆ, ಎಲ್ಲೂ ಬಿಡಾರ ಹೂಡಿ ತಿಂಗಳುಗಟ್ಟಲೆ ಚಮಚ ಕೆತ್ತುತ್ತಾ ಕೂರುವುದಿಲ್ಲ. ಮೊದಲು ಅವರ ಸೊಂಟದಲ್ಲಿದ್ದದ್ದು ಬ್ರಿಟನ್ನಿನ ಬೇಯ್ಲಿ ನೈವ್ಸ್ ಕೈಯಲ್ಲಿ ಮಾಡಿಕೊಟ್ಟ ಚಾಕು. ಆಮೇಲೆ ಅಮೆರಿಕದ ಗರ್ಬರ್ ಕಂಪನಿ ಜೊತೆ ಸೇರಿ ಅಂಗಡಿಗೆ ತಂದದ್ದು ರಬ್ಬರ್ ಹಿಡಿಯ, ಅರ್ಧ ಗರಗಸದ ಹಲ್ಲಿರುವ ಅಲ್ಟಿಮೇಟ್ ನೈಫ್. ಒರೆಯಲ್ಲಿ ಕಿಡಿ ಕಡ್ಡಿ, ಸಣ್ಣ ಸಾಣೆ, ಜೊತೆಗೆ ಜೀವ ಉಳಿಸಿಕೊಳ್ಳುವ ಸೂಚನೆಗಳ ಪುಟ್ಟ ಕೈಪಿಡಿ. ಎಲ್ಲವೂ ಒಂದೇ ಕಡೆ, ಏನೂ ಕಳೆದುಹೋಗಬಾರದು ಅನ್ನುವುದು ಅದರ ತರ್ಕ. ಹೊಸಬನಿಗೆ ಅದರಲ್ಲಿ ಅರ್ಥವೂ ಇದೆ.

ನನಗೆ ಸರಿ ಕಾಣದ್ದು ಆ ಹಲ್ಲುಗಳು. ಹಗ್ಗ, ಸೀಟ್ ಬೆಲ್ಟ್ ಪಟ್ಟಿ ಕೊಯ್ಯಲು ಹಲ್ಲು ಚೆನ್ನಾಗಿ ಕೆಲಸ ಮಾಡುತ್ತವೆ, ಸುಳ್ಳಲ್ಲ. ಆದರೆ ಅವು ಇರುವುದು ಹಿಡಿಯ ಪಕ್ಕದಲ್ಲೇ. ಕೈಯ ಬಲ ಪೂರ್ತಿ ಸಿಗುವ ಜಾಗ ಅದು. ಮರ ಹೆರೆಯಲು, ಕಡ್ಡಿ ಚೂಪು ಮಾಡಲು ಬೇಕಾದದ್ದೂ ಅದೇ ಜಾಗ. ಅಲ್ಲಿ ಹಲ್ಲು ಕೂರಿಸಿದರೆ ಒಳ್ಳೆಯ ಅರ್ಧ ಬಾಯಿ ಕೈಬಿಟ್ಟು ಹೋಗುತ್ತದೆ. ಮನೆಯ ಸಾಣೆಕಲ್ಲಿನಲ್ಲಿ ಆ ಹಲ್ಲು ಹರಿತ ಮಾಡುವುದೂ ಕಷ್ಟ. ಹಲ್ಲಿಲ್ಲದ ಮಾದರಿಯನ್ನೂ ಆಮೇಲೆ ಕಂಪನಿ ತಂದಿತು.

ಇನ್ನೊಂದು ಸಂಗತಿ ಹೇಳಲೇಬೇಕು. ಗ್ರಿಲ್ಸ್ ಹೆಸರಿನಲ್ಲೇ ಗರ್ಬರ್ ಒಂದು ಪರಾಂಗ್ ಮಚ್ಚನ್ನೂ ಮಾರಿತು. ಅಲಗು ಮತ್ತು ಹಿಡಿ ಸೇರುವ ಜಾಗದಲ್ಲಿ ಬಿರುಕು ಬಿಟ್ಟು ಮುರಿಯಬಹುದು ಅಂತ ತಿಳಿದು 2012ರಲ್ಲಿ ಅಮೆರಿಕದಲ್ಲಿ ಅಂಥ ಸಾವಿರಾರು ಮಚ್ಚುಗಳನ್ನು ವಾಪಸ್ ಕರೆಸಿತು. ಮಚ್ಚು ಬೀಸುವಾಗ ಅಲಗು ಹಾರಿಹೋದರೆ ಏನಾಗುತ್ತದೆ ಅಂತ ಊಹಿಸಿಕೊಳ್ಳಿ. ಪೆಟ್ಟಿಗೆಯ ಮೇಲಿನ ಹೆಸರು ಎಷ್ಟೇ ದೊಡ್ಡದಿರಲಿ, ಆ ಒಂದು ಸಂದಿ ಗಟ್ಟಿ ಇರಬೇಕು.

ಲೆಸ್ ಸ್ಟ್ರೌಡ್ ಕೆನಡಾದವರು, ಅವರದ್ದೂ ಟಿವಿ ಕಾರ್ಯಕ್ರಮವೇ. ಅವರ ಜೊತೆ ಕ್ಯಾಮೆರಾ ತಂಡವೇ ಇರುತ್ತಿರಲಿಲ್ಲ. ತಾವೇ ಕ್ಯಾಮೆರಾ ಹೊತ್ತು, ತಾವೇ ನಿಲ್ಲಿಸಿ, ಏಳು ದಿನ ಒಂಟಿಯಾಗಿ ಇದ್ದು ಬರುತ್ತಿದ್ದರು. ನಾರ್ವೆಯ ಹೆಲ್ಲೆ ಕಂಪನಿ 1932ರಿಂದ ಚಾಕು ಮಾಡುತ್ತಿದೆ. ಅದರ ಜೊತೆ ಸೇರಿ ಸ್ಟ್ರೌಡ್ ರೂಪಿಸಿದ ಚಾಕು ತೆಮಗಾಮಿ. ಒಂಟಾರಿಯೋದ ಕೆರೆ ಕಾಡುಗಳ ಸೀಮೆಯ ಹೆಸರು ಅದು. ದೋಣಿ ಹುಟ್ಟು ಹಾಕಿಕೊಂಡು ಓಡಾಡುವ ಜಾಗ. ನೀರು ಜಾಸ್ತಿ ಇರುವ ಕಡೆ ತುಕ್ಕಿನ ಚಿಂತೆ. ಅದಕ್ಕೆ ಅಲಗು ಮೂರು ಪದರದ ಸ್ಟೇನ್‌ಲೆಸ್, ನಡುವಿನ ಪದರ ಗಟ್ಟಿ, ಎರಡೂ ಪಕ್ಕದ ಪದರ ಸ್ವಲ್ಪ ಮೆದು. ಅವರ ಹೆಸರಿನಲ್ಲೇ ಕ್ಯಾಮಿಲಸ್ ಅನ್ನುವ ಕಂಪನಿ ಇನ್ನೊಂದು ಬಗೆಯ ಚಾಕುಗಳನ್ನೂ ಮಾರಿತು. ಹೆಸರು ಒಂದೇ, ಚಾಕು ಬೇರೆಯೇ. ಕೊಳ್ಳುವವರು ಗಮನಿಸಬೇಕಾದದ್ದು ಇದೇ.

ಟಾಮ್ ಬ್ರೌನ್ ಅವರ ಟ್ರ್ಯಾಕರ್ ಅನ್ನುವ ಚಾಕುವಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಲು ಇಂಚು ದಪ್ಪದ ಅಲಗು. ಮುಂದಿನ ಉಬ್ಬು ಕಡಿಯಲು, ಹಿಡಿಯ ಹತ್ತಿರದ ನೇರ ಭಾಗ ಕೆತ್ತಲು, ಬೆನ್ನಿನ ಹಲ್ಲು ಕಚ್ಚು ಹಾಕಲು. 2003ರ ಹಾಲಿವುಡ್ ಸಿನಿಮಾವೊಂದರಲ್ಲಿ ಕಾಣಿಸಿಕೊಂಡ ಮೇಲೆ ಅದರ ಹವಾ ಎದ್ದಿತು. ಮೂರು ಕೆಲಸ ಬರುತ್ತದೆ, ಆದರೆ ಯಾವುದನ್ನೂ ಅದಕ್ಕೇ ಮಾಡಿದ ಸಾಮಾನಿನಷ್ಟು ಚೆನ್ನಾಗಿ ಮಾಡುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಹೆಸರಿಲ್ಲದ ಮೋರಾ

ಈ ಸಾಲಿನಲ್ಲಿ ನನಗೆ ಹೆಚ್ಚು ಇಷ್ಟವಾಗುವುದು ಯಾರ ಸಹಿಯೂ ಇಲ್ಲದೆ ಹೆಸರು ಮಾಡಿದ ಚಾಕು. ಸ್ವೀಡನ್ನಿನ ಮೋರಾ ಅನ್ನುವ ಊರಿನ ಸುತ್ತ ಚಾಕು ಮಾಡುವುದು ಹಳೇ ಕಸುಬು. ಫ್ರಾಸ್ಟ್ಸ್ ಎಂಬ ಕಾರ್ಖಾನೆ 1891ರದ್ದು, ಎರಿಕ್ಸನ್ ಎಂಬುದು 1912ರದ್ದು, ಎರಡೂ ಸೇರಿದ ಕಂಪನಿಯೇ ಇವತ್ತಿನ ಮೋರಾಕ್ನಿವ್. ಅಲ್ಲಿನ ರೈತ, ಬಡಗಿ, ಎಲೆಕ್ಟ್ರಿಷಿಯನ್ ಎಲ್ಲರೂ ಬಳಸುವ ಕೆಲಸದ ಚಾಕು. ತೆಳು ಅಲಗು, ಸ್ಕ್ಯಾಂಡಿ ಬಾಯಿ, ಕಡಿಮೆ ಬೆಲೆ.

ಕೆನಡಾದ ಮಾರ್ಸ್ ಕೊಚಾನ್ಸ್ಕಿ ಕಾಡಿನಲ್ಲಿ ಬದುಕುವ ವಿದ್ಯೆಯ ದೊಡ್ಡ ಮೇಷ್ಟ್ರು. 2019ರಲ್ಲಿ ತೀರಿಕೊಂಡರು. ಅವರು ಶಿಷ್ಯರ ಕೈಗೆ ಕೊಡುತ್ತಿದ್ದದ್ದು ಇಂಥ ಸಾದಾ ಮೋರಾ. ಅಲಗು ಎಷ್ಟುದ್ದ ಇರಬೇಕು ಅಂದರೆ ನಿಮ್ಮ ಅಂಗೈ ಅಗಲದಷ್ಟು, ಅಂದರೆ ನಾಲ್ಕು ಇಂಚಿನ ಆಸುಪಾಸು. ಉದ್ದ ಜಾಸ್ತಿಯಾದರೆ ತುದಿಯ ಮೇಲೆ ಹಿಡಿತ ತಪ್ಪುತ್ತದೆ. ಚಾಕುವಿಗೆ ದುಡ್ಡು ಸುರಿಯದವನು ಅದನ್ನು ಸಾಣೆ ಹಿಡಿಯಲು ಹೆದರುವುದಿಲ್ಲ, ಬಳಸಲೂ ಹೆದರುವುದಿಲ್ಲ. ಕಲಿಯುವವನಿಗೆ ಅದೇ ಮುಖ್ಯ.

ಡಬ್ಬಲ್ ಬೆಲೆಯ ಚಾಕುವೇ ಬೇಕು ಅನ್ನುವವರಿಗೆ ಸುಮ್ನೆ ಒಂದು ಮಾತು. ಬೆಕರ್ ಹೆಸರಿನ ದಪ್ಪ ದಪ್ಪ ಸರ್ವೈವಲ್ ಚಾಕುಗಳನ್ನು ರೂಪಿಸಿದ ಈಥನ್ ಬೆಕರ್ ಅಮೆರಿಕದ ಅತಿ ಹೆಸರುವಾಸಿ ಅಡುಗೆ ಪುಸ್ತಕದ ಮನೆತನದವರು. ಕಾಡಿಗೂ ಅಡುಗೆಮನೆಗೂ ಚಾಕುವಿನ ವಿಷಯದಲ್ಲಿ ಅಷ್ಟೇನೂ ದೂರವಿಲ್ಲ.

ಉಕ್ಕು, ಹದ, ಮತ್ತು ನಮ್ಮ ಕುಲುಮೆ

ಬಳ್ಳಾರಿಯವರಿಗೆ ಕಬ್ಬಿಣದ ಬಗ್ಗೆ ಹೇಳುವುದೇನು ಅನ್ನಬಹುದು. ಸಂಡೂರಿನ ಅದಿರು, ತೋರಣಗಲ್ಲಿನ ಕಾರ್ಖಾನೆ ಎಲ್ಲ ಕಣ್ಣೆದುರೇ ಇವೆ. ಆದರೆ ಮನೆ ಕಟ್ಟುವ ಸರಳು, ತಗಡು ಇವುಗಳಿಂದ ಚಾಕು ಆಗುವುದಿಲ್ಲ. ಅವುಗಳಲ್ಲಿ ಇಂಗಾಲ ತೀರಾ ಕಡಿಮೆ. ಎಷ್ಟೇ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೂ ಗಟ್ಟಿಯಾಗುವುದಿಲ್ಲ. ಚಾಕುವಿಗೆ ಬೇಕಾದದ್ದು ಅರ್ಧದಿಂದ ಒಂದು ಶೇಕಡಾ ಇಂಗಾಲ ಇರುವ ಉಕ್ಕು. 1095 ಅಂತ ಪೆಟ್ಟಿಗೆ ಮೇಲೆ ಬರೆದಿದ್ದರೆ ಸುಮಾರು 0.95 ಶೇಕಡಾ ಇಂಗಾಲ ಅಂತ ಅರ್ಥ. ಮಿಯರ್ಸ್ ಅವರ ಓ1 ಕೂಡ ಹೆಚ್ಚುಕಡಿಮೆ ಅಷ್ಟೇ. ಸ್ಟೇನ್‌ಲೆಸ್‌ನಲ್ಲಿ ಇದರ ಜೊತೆಗೆ ಕ್ರೋಮಿಯಂ ಬೆರೆತಿರುತ್ತದೆ, ತುಕ್ಕು ತಡೆಯುವುದು ಅದೇ.

ನಮ್ಮ ಕಮ್ಮಾರರು ಇದಕ್ಕೆ ಬಳಸುವುದು ಹಳೇ ಲಾರಿಯ ಕಮಾನು ಪಟ್ಟಿ. ಅದರಲ್ಲಿ ಅರ್ಧ ಶೇಕಡಾ ಮೇಲೆ ಇಂಗಾಲ ಇರುತ್ತದೆ. ಲಾರಿಯ ಭಾರ ಹೊತ್ತು ಬಾಗಿ ಮತ್ತೆ ನೆಟ್ಟಗಾಗುವ ಉಕ್ಕು ಅದು, ಸುಲಭಕ್ಕೆ ಮುರಿಯುವುದಿಲ್ಲ. ಮಚ್ಚು, ಕೊಡಲಿಗೆ ಚೆನ್ನಾಗಿ ಒಪ್ಪುತ್ತದೆ.

ಇಲ್ಲಿ ಹದದ ಮಾತು ಬರುತ್ತದೆ. ಉಕ್ಕನ್ನು ಕೆಂಪಗೆ, ಸುಮಾರು 800 ಡಿಗ್ರಿ ಸೆಲ್ಸಿಯಸ್ ದಾಟುವಂತೆ ಕಾಯಿಸಿ ಎಣ್ಣೆಗೋ ನೀರಿಗೋ ಅದ್ದಿದರೆ ಬಹಳ ಗಟ್ಟಿಯಾಗುತ್ತದೆ. ಆದರೆ ಗಾಜಿನ ಹಾಗೆ ಒಡೆಯುವ ಗಟ್ಟಿತನ. ಅದನ್ನು ಮತ್ತೆ ಸ್ವಲ್ಪ ಬಿಸಿ ಮಾಡಿ ಮಣಿಸಬೇಕು. ಉಜ್ಜಿ ಹೊಳಪು ಮಾಡಿದ ಅಲಗಿನ ಮೇಲೆ ಬಣ್ಣ ಏಳುವುದನ್ನು ಕಮ್ಮಾರರು ನೋಡುತ್ತಾರೆ. 220 ಡಿಗ್ರಿಯ ಹತ್ತಿರ ತಿಳಿ ಹಳದಿ, 300ರ ಹತ್ತಿರ ನೀಲಿ. ಹಳದಿಗೆ ನಿಲ್ಲಿಸಿದರೆ ಬಾಯಿ ಹರಿತ ಹಿಡಿದುಕೊಳ್ಳುತ್ತದೆ, ಆದರೆ ಪೆಟ್ಟು ಬಿದ್ದರೆ ಚೂರು ಏಳಬಹುದು. ನೀಲಿಗೆ ಬಿಟ್ಟರೆ ಪೆಟ್ಟು ತಡೆಯುತ್ತದೆ, ಬೇಗ ಮೊಂಡಾಗುತ್ತದೆ. ಜಗತ್ತಿನ ಯಾವ ದುಬಾರಿ ಚಾಕುವೂ ಈ ಎರಡರ ನಡುವೆ ಎಲ್ಲೋ ಒಂದು ಕಡೆ ನಿಲ್ಲಲೇಬೇಕು. ಕಂಪನಿಯವರು ಅದನ್ನು ರಾಕ್‌ವೆಲ್ ಅನ್ನುವ ಗಟ್ಟಿತನದ ಅಂಕಿಯಲ್ಲಿ ಹೇಳುತ್ತಾರೆ, ಕಮ್ಮಾರರು ಬಣ್ಣದಲ್ಲಿ ಹೇಳುತ್ತಾರೆ.

ಅದಕ್ಕೇ ಗಂಗಾವತಿ ಕಡೆಯ ಒಂದು ಕುಲುಮೆಯಲ್ಲಿ ಕೇಳಿದ ಮಾತು ನನಗೆ ಸರಿ ಅನಿಸಿತು. "ಕಾಕಾ, ಒಂದ್ ಒಳ್ಳೆ ಚಾಕು ಮಾಡ್ಕೊಡ್ರಿ" ಅಂದರೆ ಅವರು ಅಲಗಿನ ಉದ್ದ ಕೇಳಲಿಲ್ಲ. "ಏನ್ ಕಡಿಯಾಕ್ ಬೇಕ್ ತಮ್ಮಾ? ಜಾಲಿ ಕಡಿಯಾಕೋ, ಉಳ್ಳಾಗಡ್ಡಿ ಹೆಚ್ಚಾಕೋ?" ಅಂತ ಕೇಳಿದರು. ಎರಡಕ್ಕೂ ಅಂದಿದ್ದಕ್ಕೆ, "ಹಂಗಾರ ಎರಡ್ ಮಾಡ್ಸು" ಅಂದರು.

ಈ ಉತ್ತರ ಇಲ್ಲಿಯ ನೆಲಕ್ಕೆ ಹೊಸದಲ್ಲ. ಬಳ್ಳಾರಿ ಪಕ್ಕದ ಸಂಗನಕಲ್ಲು ಹಿರೇಗುಡ್ಡದ ಮೇಲೆ ನವಶಿಲಾಯುಗದ ಜನ ಕಲ್ಲಿನ ಕೊಡಲಿಗಳನ್ನು ರಾಶಿ ರಾಶಿ ಮಾಡುತ್ತಿದ್ದರು. ಸುತ್ತ ಎಲ್ಲಿ ನೋಡಿದರೂ ಗ್ರಾನೈಟ್ ಬಂಡೆ. ಅವರು ಆರಿಸಿಕೊಂಡದ್ದು ಅದರ ನಡುವೆ ಕರಿ ಪಟ್ಟಿಯಾಗಿ ಹಾಯ್ದಿರುವ ಡಾಲರೈಟ್ ಕಲ್ಲು. ಪೆಟ್ಟು ತಡೆಯುತ್ತದೆ, ಉಜ್ಜಿದರೆ ಬಾಯಿ ಬರುತ್ತದೆ. ಅತ್ತ ರಾಯಚೂರು ಜಿಲ್ಲೆಯ ಮಸ್ಕಿಯ ಅಗೆತದಲ್ಲಿ ಚರ್ಟ್ ಕಲ್ಲಿನ ತೆಳು ಅಲಗುಗಳು ಸಿಕ್ಕಿವೆ. ಒಡೆದರೆ ಹರಿತವಾಗಿ ಸೀಳುವ ಕಲ್ಲು ಅದು. ಕಡಿಯಲು ಒಂದು ಕಲ್ಲು, ಕೊಯ್ಯಲು ಇನ್ನೊಂದು. ನೆಸ್‌ಮಕ್ ಕೊಡಲಿ ಮತ್ತು ಚಾಕು ಬೇರೆ ಬೇರೆ ಇಟ್ಟುಕೊಂಡ ಲೆಕ್ಕವೂ ಇದೇ.

ಜಾಲಿಯ ಮುಂದೆ ಸ್ಕ್ಯಾಂಡಿ

ಈಗ ಆ ಚಾಕುಗಳನ್ನು ನಮ್ಮ ಕಡೆ ತಂದು ನೋಡೋಣ. ಇಲ್ಲಿ ಕೈಗೆ ಸಿಗುವ ಕಟ್ಟಿಗೆ ಬಳ್ಳಾರಿ ಜಾಲಿ. ಮುಳ್ಳು, ಗಂಟು, ಒಣಗಿದರೆ ಕಲ್ಲಿನಂಥ ಗಟ್ಟಿ. ಸಂಡೂರಿನ ಕಾಡಿಗೆ ಹೋದರೆ ದಿಂಡಿಗ, ಅದೂ ಗಟ್ಟಿ. ಚಾಕುವಿನ ಬೆನ್ನಿಗೆ ಕಟ್ಟಿಗೆಯಿಂದ ಹೊಡೆದು ಮರ ಸೀಳುವ ವಿಡಿಯೋಗಳನ್ನು ನೋಡಿರುತ್ತೀರಿ. ಪೈನ್ ಮರದಲ್ಲಿ ಅದು ಚೆಂದ ನಡೆಯುತ್ತದೆ. ಜಾಲಿಯ ಗಂಟಿಗೆ ಹಾಗೆ ಹೊಡೆದರೆ ಸ್ಕ್ಯಾಂಡಿಯ ತೆಳು ಬಾಯಿ ಮಡಚುತ್ತದೆ ಇಲ್ಲ ಚೂರು ಏಳುತ್ತದೆ. ನಮ್ಮ ಕೊಡಲಿಯ ಬಾಯಿ ಎರಡೂ ಕಡೆ ಉಬ್ಬಿರುತ್ತದೆ. ಬಾಯಿಯ ಹಿಂದೆ ಉಕ್ಕು ಜಾಸ್ತಿ ಇರುವುದರಿಂದ ಅದು ತಡೆದುಕೊಳ್ಳುತ್ತದೆ.

ಕೊಪ್ಪಳ, ರಾಯಚೂರು ಕಡೆಯ ಕುರಿಗಾಹಿಗಳನ್ನು ನೋಡಿ. ವರ್ಷದಲ್ಲಿ ಎಷ್ಟೋ ತಿಂಗಳು ಬಯಲಲ್ಲೇ ಇರುವವರು. ಸರ್ವೈವಲ್ ಅನ್ನುವ ಮಾತೇ ಬಳಸದೆ ಅದನ್ನೇ ಮಾಡುವವರು. ಅವರ ಹೆಗಲ ಮೇಲೆ ಸಣ್ಣ ಕೊಡಲಿ, ಇಲ್ಲವೇ ಉದ್ದ ಗಳದ ತುದಿಗೆ ಕಟ್ಟಿದ ಕುಡುಗೋಲು. ಮರ ಹತ್ತದೆ ಸೊಪ್ಪು ಇಳಿಸುತ್ತಾರೆ, ಮುಳ್ಳು ದೂರದಿಂದಲೇ ಎಳೆಯುತ್ತಾರೆ. ಮುಳ್ಳಿನ ನಾಡಿನಲ್ಲಿ ಕೈಗೂ ಬಾಯಿಗೂ ನಡುವೆ ಅಂತರ ಇರಬೇಕು. ನಾಲ್ಕು ಇಂಚಿನ ಯಾವ ಚಾಕುವೂ ಅದನ್ನು ಕೊಡುವುದಿಲ್ಲ.

ಹಾಗಂತ ಚಾಕು ಬೇಡವೇ ಬೇಡ ಅಂತಲ್ಲ. ಹಗ್ಗ ಕೊಯ್ಯಲು, ಹಣ್ಣು ಹೆಚ್ಚಲು, ಮುಳ್ಳು ತೆಗೆಯಲು, ಬ್ಯಾಂಡೇಜ್ ಬಟ್ಟೆ ಕತ್ತರಿಸಲು ಸಣ್ಣ ಚಾಕು ಬೇಕು. ಅದಕ್ಕೆ ಮೋರಾ ಥರದ್ದೇ ಸಾಕು. ನಮ್ಮ ಒಣ ಹವೆಗೆ ಕಾರ್ಬನ್ ಸ್ಟೀಲ್, ಅಂದರೆ ಕ್ರೋಮಿಯಂ ಬೆರೆಸದ ಇಂಗಾಲದ ಉಕ್ಕು, ಚೆನ್ನಾಗಿಯೇ ಬಾಳುತ್ತದೆ. ಬೆವರು, ನಿಂಬೆರಸ ತಾಗಿದರೆ ಒರೆಸಿ ಒಂದು ಹನಿ ಎಣ್ಣೆ ಹಚ್ಚಿ. ಶೇಂಗಾ ಎಣ್ಣೆ ಬೇಡ, ದಿನ ಕಳೆದಂತೆ ಅಂಟಾಗುತ್ತದೆ. ಕೊಬ್ಬರಿ ಎಣ್ಣೆ ಅಥವಾ ಹೊಲಿಗೆ ಮಷೀನಿನ ಎಣ್ಣೆ ಒಳ್ಳೆಯದು.

ಕೊಳ್ಳುವಾಗ ಮೊದಲು ನೋಡಬೇಕಾದದ್ದು ಅಲಗು ಹಿಡಿಯೊಳಗೆ ಎಲ್ಲಿವರೆಗೆ ಹೋಗಿದೆ ಅಂತ. ಅದನ್ನು ಟ್ಯಾಂಗ್ ಅಂತಾರೆ. ಹಿಡಿಯ ಕೊನೆವರೆಗೂ ಅದೇ ಅಗಲದಲ್ಲಿ ಹೋಗಿದ್ದರೆ ಫುಲ್ ಟ್ಯಾಂಗ್, ಅತಿ ಗಟ್ಟಿ. ಮೋರಾದ ಸಾದಾ ಚಾಕುಗಳಲ್ಲಿ ಅದು ಸಣ್ಣದಾಗಿ ಹಿಡಿಯೊಳಗೆ ಅಡಗಿರುತ್ತದೆ, ಕೈಕೆಲಸಕ್ಕೆ ತೊಂದರೆಯಿಲ್ಲ. ಆನ್‌ಲೈನಿನಲ್ಲಿ ಗ್ರಿಲ್ಸ್ ಚಾಕುವಿನ ಆಕಾರದ ನಕಲುಗಳು ಬೇಕಾದಷ್ಟು ಸಿಗುತ್ತವೆ. ಹಿಡಿಯ ರಬ್ಬರಿನೊಳಗೆ ಅಲಗು ಎಷ್ಟಿದೆ ಅಂತ ಹೊರಗಿನಿಂದ ಕಾಣುವುದಿಲ್ಲ. ಟೊಳ್ಳು ಹಿಡಿಯೊಳಗೆ ದಿಕ್ಸೂಚಿ, ಬೆಂಕಿಕಡ್ಡಿ ತುಂಬಿಸಿ ಕೊಡುವ ಸಿನಿಮಾ ಶೈಲಿಯ ಚಾಕುಗಳಂತೂ ಬೇಡ. ಹಿಡಿ ಟೊಳ್ಳಾದರೆ ಅಲಗಿಗೆ ಹಿಡಿತ ಎಲ್ಲಿಂದ ಬರಬೇಕು?

ಇಲ್ಲಿ ಜೀವ ತೆಗೆಯುವುದು ಬೇರೆ

ಮಿಯರ್ಸ್ ಕಾಡಿನಲ್ಲಿ ಶತ್ರು ಚಳಿ. ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಬಿಸಿಲಲ್ಲಿ ಗುಡ್ಡ ಹತ್ತುವವನ ಮೈಯಿಂದ ಗಂಟೆಗೆ ಒಂದು ಲೀಟರಿನಷ್ಟು ಬೆವರು ಹೋಗಬಹುದು. ಅಲ್ಲಿ ಬೇಕಾದದ್ದು ನೀರು, ನೆರಳು, ತಲೆಗೊಂದು ಟವೆಲ್. ಮಚ್ಚು ಬೀಸಿ ಮಂಟಪ ಕಟ್ಟಲು ಹೋದರೆ ಇನ್ನಷ್ಟು ಬೆವರು. ಬಂಡೆಯ ನೆರಳು ಹುಡುಕಿ ಕೂರುವುದೇ ಜಾಣತನ. ಬೆಂಕಿ ಕಡ್ಡಿಯ ಕೆಲಸವೂ ಇಲ್ಲ. ಬೇಸಿಗೆಯ ಒಣ ಹುಲ್ಲಿಗೆ ಒಂದು ಕಿಡಿ ಬಿದ್ದರೆ ಗುಡ್ಡವೇ ಹೊತ್ತುತ್ತದೆ.

ಗ್ರಿಲ್ಸ್ ಚಾಕುವಿನಲ್ಲಿ ನಮಗೆ ಅತಿ ಉಪಯೋಗದ್ದು ಯಾವುದು ಅಂದರೆ ನಾನು ಆ ಸೀಟಿಯನ್ನು ತೋರಿಸುತ್ತೇನೆ. ಆನೆಗೊಂದಿಯ ಬಂಡೆಗಳ ಸಂದಿಯಲ್ಲಿ ಕಾಲು ಉಳುಕಿ ಬಿದ್ದವನ ಕೂಗು ಸ್ವಲ್ಪ ಹೊತ್ತಿಗೆ ಸೋಲುತ್ತದೆ. ಸೀಟಿ ಸೋಲುವುದಿಲ್ಲ. ಅಂಗಡಿಯಲ್ಲಿ ಬಿಡಿಯಾಗಿಯೂ ಸಿಗುತ್ತದೆ. ಫೋನ್ ಸಿಗ್ನಲ್ ಇದ್ದರೆ 112.

ಹಾವು ಕಚ್ಚಿದರೆ ಚಾಕು ತೆಗೆಯಲೇಬೇಡಿ. ಕಚ್ಚಿದ ಜಾಗ ಕೊಯ್ದು ರಕ್ತ ಹೀರುವುದು ಸಿನಿಮಾದ ಆಟ. ಕೊಳಕುಮಂಡಲ, ಗರಗಸ ಮಂಡಲ ನಮ್ಮ ಹೊಲ ಗುಡ್ಡಗಳಲ್ಲೇ ಇವೆ. ಅವುಗಳ ವಿಷ ರಕ್ತ ಹೆಪ್ಪುಗಟ್ಟುವುದನ್ನೇ ಕೆಡಿಸುತ್ತದೆ. ಅಂಥವರ ಮೈ ಕೊಯ್ದರೆ ರಕ್ತ ನಿಲ್ಲುವುದಿಲ್ಲ. ಕಚ್ಚಿದ ಕೈ ಕಾಲು ಅಲುಗದಂತೆ ಇಟ್ಟು, ನಡೆಸದೆ, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಸಾಗಿಸಬೇಕು. ಕರಡಿಯ ವಿಷಯವೂ ಹಾಗೇ. ದರೋಜಿ ಕಡೆ ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಕರಡಿ ಓಡಾಡುತ್ತವೆ. ನಾಲ್ಕು ಇಂಚಿನ ಅಲಗು ಅಲ್ಲಿ ಏನೂ ಮಾಡುವುದಿಲ್ಲ. ಗುಂಪಿನಲ್ಲಿ, ಸದ್ದು ಮಾಡುತ್ತಾ ಹೋಗುವುದೇ ದಾರಿ.

ಚಾಕು ನಿಜವಾಗಿ ಜೀವ ಉಳಿಸಿದ ಅತಿ ಪ್ರಸಿದ್ಧ ಘಟನೆ ಅಮೆರಿಕದ ಯೂಟಾದ್ದು. 2003ರಲ್ಲಿ ಆರನ್ ರಾಲ್‌ಸ್ಟನ್ ಎಂಬ ಯುವಕನ ಕೈ ಕಣಿವೆಯಲ್ಲಿ ಬಂಡೆಯ ಕೆಳಗೆ ಸಿಕ್ಕಿಕೊಂಡಿತು. ಐದು ದಿನ ಕಾದು, ಕೊನೆಗೆ ತನ್ನ ಕೈಯನ್ನೇ ಕತ್ತರಿಸಿಕೊಂಡು ಹೊರಬಂದ. ಅವನ ಹತ್ತಿರ ಇದ್ದದ್ದು ಅಗ್ಗದ, ಮೊಂಡಾದ ಮಲ್ಟಿಟೂಲ್, ಅಂದರೆ ಚಾಕು, ಇಕ್ಕಳ ಒಂದರಲ್ಲೇ ಮಡಚಿಟ್ಟ ಸಾಮಾನು. ಅವನು ಮಾಡಿದ ನಿಜವಾದ ತಪ್ಪು ಬೇರೆ. ಎಲ್ಲಿಗೆ ಹೋಗುತ್ತೇನೆ ಅಂತ ಯಾರಿಗೂ ಹೇಳಿರಲಿಲ್ಲ.

ಒರೆಯಲ್ಲಿಟ್ಟು ಹೊರಡುವ ಮೊದಲು

ಆಯುಧ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಆಯುಧದ ಸಾಲಿಗೆ ಸೇರಿಸಿದ್ದಾರೆ. ಮನೆಗೆಲಸ, ಬೇಸಾಯಕ್ಕೆ ಮಾಡಿದ ಸಾಮಾನಿಗೆ ವಿನಾಯಿತಿ ಇದೆ. ಹೊಲಕ್ಕೆ ಹೊರಟವನ ಕುಡುಗೋಲಿಗೆ ಯಾರೂ ಏನೂ ಅನ್ನುವುದಿಲ್ಲ. ಪೇಟೆಯಲ್ಲಿ ಸೊಂಟಕ್ಕೆ ಕಟ್ಟಿಕೊಂಡು ತಿರುಗುವ ಸರ್ವೈವಲ್ ಚಾಕು ಸಣ್ಣದೇ ಆಗಿದ್ದರೂ ಪೊಲೀಸರು ಪ್ರಶ್ನೆ ಕೇಳುತ್ತಾರೆ, ಕೇಳಬೇಕು ಕೂಡ. ಬ್ಯಾಗಿನ ತಳದಲ್ಲಿ, ಒರೆಯೊಳಗೆ ಇರಲಿ.

ದರೋಜಿ 1994ರಿಂದ ಕರಡಿಧಾಮ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಅಭಯಾರಣ್ಯದೊಳಗೆ ಆಯುಧ ಒಯ್ಯುವಂತಿಲ್ಲ, ಆ ಕಾಯ್ದೆಯ ಆಯುಧದ ಪಟ್ಟಿಯಲ್ಲಿ ಚಾಕುವೂ ಇದೆ. ಕಾಯ್ದಿಟ್ಟ ಕಾಡಿನಲ್ಲಿ ಹಸಿ ಮರ ಕಡಿಯುವುದು, ಬೆಂಕಿ ಹಾಕುವುದು ಬೇರೆಯೇ ಅಪರಾಧ. ಹಾಗಾಗಿ ವಿಡಿಯೋದಲ್ಲಿ ಕಂಡ ಕಸರತ್ತು ಕಲಿಯಬೇಕು ಅಂದರೆ ಸ್ವಂತ ಹೊಲದ ಬದುವಿನ ಜಾಲಿ ಒಳ್ಳೆಯದು. ಅದು ಎಷ್ಟು ಕಡಿದರೂ ಮತ್ತೆ ಚಿಗುರುತ್ತದೆ, ಮನೆಯವರೂ ಬೇಡ ಅನ್ನುವುದಿಲ್ಲ. ಕೈಗೆ ದಪ್ಪ ಚರ್ಮದ ಗ್ಲೌಸ್ ಹಾಕಿಕೊಳ್ಳಿ, ಆ ಮುಳ್ಳು ಚಪ್ಪಲಿಯನ್ನೂ ತೂರಿ ಬರುತ್ತದೆ.